ಓದು ಅರ್ಧಕ್ಕೆ ನಿಂತಿದೆ, ರೆಸ್ಯೂಮೆಯಲ್ಲಿ ಏನು ಬರೆಯಲಿ?

ಪ್ರಶ್ನೆ: ಮೂರು ವರ್ಷದ ಕಂಪ್ಯೂಟರ್ ಸೈನ್ಸ್ ಪದವಿಗೆ ಸೇರಿ, ನಾಲ್ಕು ಸೆಮಿಸ್ಟರ್ ಮುಗಿಸಿ ಬಿಟ್ಟೆ. ಆಮೇಲೆ ನಾಲ್ಕು ವರ್ಷ ಟೆಕ್ನಿಕಲ್ ಸಪೋರ್ಟ್ ಕೆಲಸ ಮಾಡಿದ್ದೇನೆ. ರೆಸ್ಯೂಮೆಯಲ್ಲಿ ಕಾಲೇಜಿನ ವಿಷಯ ಬರೆದರೆ ಓದು ಬಿಟ್ಟವನು ಅಂತ ಪಕ್ಕಕ್ಕೆ ಇಡುತ್ತಾರೆ, ಬರೆಯದಿದ್ದರೆ ಎರಡು ವರ್ಷ ಏನು ಮಾಡಿದೆ ಅಂತ ಕೇಳುತ್ತಾರೆ. ಯಾವುದು ವಾಸಿ?

ಉತ್ತರ: ಬರೆಯಿರಿ. ಎರಡು ವರ್ಷ ಕಷ್ಟಪಟ್ಟು ಓದಿದ್ದೀರಿ, ಓದಿದ್ದು ನೀವು ಹುಡುಕುತ್ತಿರುವ ಕೆಲಸಕ್ಕೆ ಸಂಬಂಧಪಟ್ಟಿದ್ದೇ ಆಗಿದೆ. ಅದನ್ನು ಬಚ್ಚಿಡುವ ಕಾರಣವಿಲ್ಲ. ಆದರೆ ಆ ಒಂದು ಸಾಲನ್ನು ಹೇಗೆ ಬರೆಯುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಬಹಳ ಮಂದಿ ಹೀಗೆ ಬರೆಯುತ್ತಾರೆ: ‘ಬಿ.ಎಸ್ಸಿ., ಕಂಪ್ಯೂಟರ್ ಸೈನ್ಸ್, 2017–2019’. ಇದರಲ್ಲಿ ಸುಳ್ಳು ಪದ ಒಂದೂ ಇಲ್ಲ, ಆದರೂ ಸಾಲು ಸುಳ್ಳು ಹೇಳುತ್ತದೆ. ಪದವಿಯ ಹೆಸರು ಮೊದಲಿಗೆ ಬಂದು ಪಕ್ಕದಲ್ಲಿ ಇಸವಿ ಇದ್ದರೆ ಓದುವವರು ಪದವಿ ಮುಗಿದಿದೆ ಎಂದೇ ತಿಳಿಯುತ್ತಾರೆ. ಮೂರು ವರ್ಷದ ಕೋರ್ಸ್ ಎರಡೇ ವರ್ಷಕ್ಕೆ ಹೇಗೆ ಮುಗಿಯಿತು ಎಂದು ಯಾರಾದರೂ ಲೆಕ್ಕ ಹಾಕಿದರೆ, ಅಲ್ಲಿಂದಾಚೆ ನಿಮ್ಮ ಅನುಭವದ ಸಾಲುಗಳನ್ನೂ ಅನುಮಾನದಿಂದಲೇ ನೋಡುತ್ತಾರೆ.

ಹೀಗೆ ಬರೆಯಿರಿ: ‘ಕಂಪ್ಯೂಟರ್ ಸೈನ್ಸ್ ಪದವಿ ವ್ಯಾಸಂಗ, 6 ಸೆಮಿಸ್ಟರ್‌ಗಳಲ್ಲಿ 4 ಪೂರ್ಣ, 2017–2019’, ಜೊತೆಗೆ ಕಾಲೇಜಿನ ಹೆಸರು. ರೆಸ್ಯೂಮೆ ಇಂಗ್ಲಿಷಿನಲ್ಲಿದ್ದರೆ ‘ಕೋರ್ಸ್‌ವರ್ಕ್ ಟುವರ್ಡ್ಸ್’ ಎಂದು ಶುರುಮಾಡಿ ಪದವಿಯ ಹೆಸರು ಹಾಕಿದರೆ ಸಾಕು, ಅರ್ಥ ಸ್ಪಷ್ಟವಾಗುತ್ತದೆ. ‘ಡ್ರಾಪ್‌ಔಟ್’, ‘ಡಿಸ್ಕಂಟಿನ್ಯೂಡ್’ ಎಂಬ ಪದಗಳು ಬೇಡ. ‘6ರಲ್ಲಿ 4’ ಎನ್ನುವ ಅಂಕಿಯೇ ಎಲ್ಲ ಹೇಳುತ್ತದೆ. ಬಿಟ್ಟ ಕಾರಣಕ್ಕೂ ರೆಸ್ಯೂಮೆಯಲ್ಲಿ ಜಾಗವಿಲ್ಲ.

ಈ ‘4’ ಬರೆಯುವ ಮುಂಚೆ ಅಂಕಪಟ್ಟಿಗಳನ್ನು ಮುಂದಿಟ್ಟುಕೊಳ್ಳಿ. ತರಗತಿಗೆ ಹೋದ ಸೆಮಿಸ್ಟರ್ ಬೇರೆ, ಎಲ್ಲ ವಿಷಯ ಪಾಸಾದ ಸೆಮಿಸ್ಟರ್ ಬೇರೆ. ನಾಲ್ಕನೆಯದರಲ್ಲಿ ಒಂದು ವಿಷಯ ಉಳಿದಿದ್ದರೂ ಪೂರ್ಣಗೊಂಡಿದ್ದು 3. ಕೋರ್ಸ್ ಕ್ರೆಡಿಟ್ (ಪಾಸಾದ ಪ್ರತಿ ವಿಷಯಕ್ಕೆ ಸಿಗುವ ಅಂಶ) ಲೆಕ್ಕದಲ್ಲಿದ್ದರೆ ಗಳಿಸಿದ್ದು ಎಷ್ಟು, ಒಟ್ಟು ಎಷ್ಟು ಎಂದು ಎರಡನ್ನೂ ಕೊಡಿ. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್, ಯುರೋಪಿನ ಪದ್ಧತಿಯಲ್ಲಿ ಮೂರು ವರ್ಷದ ಪದವಿಗೆ 180. ಬರೀ ‘90 ಕ್ರೆಡಿಟ್’ ಎಂದರೆ ಮುಕ್ಕಾಲು ಭಾಗವೋ ಅರ್ಧವೋ ಯಾರಿಗೂ ತಿಳಿಯುವುದಿಲ್ಲ.

ಆ ಸಾಲಿನ ಕೆಳಗೆ ಕೆಲಸಕ್ಕೆ ಬೇಕಾದ ಮೂರು ನಾಲ್ಕು ವಿಷಯಗಳನ್ನು ಕೊಡಿ: ಡೇಟಾಬೇಸ್, ಕಂಪ್ಯೂಟರ್ ನೆಟ್‌ವರ್ಕ್ಸ್, ಆಪರೇಟಿಂಗ್ ಸಿಸ್ಟಮ್ಸ್, ಹೀಗೆ. ಪಾಸಾದವು ಮಾತ್ರ. ಅರ್ಜಿಗಳನ್ನು ಮೊದಲು ಸಾಫ್ಟ್‌ವೇರ್ ಸೋಸುವ ಕಡೆ ಈ ಪದಗಳು ಹುಡುಕಾಟಕ್ಕೆ ಸಿಗುತ್ತವೆ. ಇನ್ನು ಜಾಗದ ಮಾತು. ನಾಲ್ಕು ವರ್ಷದ ಅನುಭವ ಮೇಲೆ, ಓದು ಪುಟದ ಕೊನೆಗೆ. ಈಗಷ್ಟೇ ಕಾಲೇಜು ಬಿಟ್ಟವರು ಮಾತ್ರ ಓದನ್ನು ಮೇಲಿಡಲಿ.

ಪ್ರಶ್ನೆ: ನನ್ನ ಆರೂ ಸೆಮಿಸ್ಟರ್ ಮುಗಿದಿವೆ, ಎರಡು ವಿಷಯ ಮಾತ್ರ ಬಾಕಿ. ಓದೆಲ್ಲ ಓದಿದ್ದೇನಲ್ಲ, ಪದವಿ ಎಂದೇ ಬರೆಯಬಹುದೇ?

ಉತ್ತರ: ಬರೆಯಬಾರದು. ಸಂಕಟ ಅರ್ಥವಾಗುತ್ತದೆ, ಆದರೆ ಎರಡು ವಿಷಯ ಬಾಕಿ ಇದ್ದರೂ ಇಪ್ಪತ್ತು ಬಾಕಿ ಇದ್ದರೂ ಪದವಿ ಪದವಿಯಲ್ಲ. ಹಿನ್ನೆಲೆ ಪರಿಶೀಲನೆ ಮಾಡುವವರು ವಿಶ್ವವಿದ್ಯಾಲಯಕ್ಕೆ ಕೇಳುವುದು ಮುಖ್ಯವಾಗಿ ಇಷ್ಟು: ಈ ಹೆಸರಿನವರಿಗೆ ಪದವಿ ಪ್ರದಾನ ಆಗಿದೆಯೇ, ಯಾವ ವರ್ಷ, ಯಾವ ವಿಷಯದಲ್ಲಿ. ಉತ್ತರ ‘ಇಲ್ಲ’ ಎಂದು ಬಂದರೆ, ಎಷ್ಟು ವಿಷಯ ಬಾಕಿ ಎಂದು ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಆಫರ್ ಹಿಂದಕ್ಕೆ ಹೋಗುತ್ತದೆ.

ಕೆಲಸಕ್ಕೆ ಸೇರಿ ವರ್ಷಗಳು ಕಳೆದರೂ ಇದು ಅಳಿಸಿಹೋಗುವುದಿಲ್ಲ. ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದಲ್ಲಿ ಪ್ರವೇಶ ವಿಭಾಗದ ಡೀನ್ ಆಗಿದ್ದ ಮ್ಯಾರಿಲೀ ಜೋನ್ಸ್, ತಮಗಿಲ್ಲದ ಪದವಿಗಳನ್ನು ಇದೆ ಎಂದು ಹೇಳಿಕೊಂಡಿದ್ದು ಬಯಲಾಗಿ 2007ರಲ್ಲಿ ರಾಜೀನಾಮೆ ಕೊಟ್ಟರು. ಅಲ್ಲಿ ಅವರು ಕೆಲಸಕ್ಕೆ ಸೇರಿದ್ದು 1979ರಲ್ಲಿ. ಕೆಲಸ ಚೆನ್ನಾಗಿ ಮಾಡಿದ್ದರೂ ಉಳಿಯಲಿಲ್ಲ.

ನಿಮ್ಮ ಸಾಲು ಹೀಗಿರಲಿ: ‘6 ಸೆಮಿಸ್ಟರ್ ತರಗತಿ ಪೂರ್ಣ, 2 ವಿಷಯ ಬಾಕಿ’. ಪರೀಕ್ಷೆಗೆ ಶುಲ್ಕ ಕಟ್ಟಿ ನೋಂದಾಯಿಸಿದ್ದರೆ ಮಾತ್ರ ಮುಗಿಯುವ ತಿಂಗಳು, ವರ್ಷ ಸೇರಿಸಿ ‘ನಿರೀಕ್ಷಿತ’ ಎಂದು ಬರೆಯಿರಿ. ಮುಂದೆ ಯಾವಾಗಲಾದರೂ ಕಟ್ಟೋಣ ಎನ್ನುವ ಯೋಚನೆಗೆ ಆ ಪದ ಸಲ್ಲದು. ನಿಜ ಹೇಳಬೇಕೆಂದರೆ, ಎರಡೇ ವಿಷಯ ಉಳಿದಿರುವವರು ರೆಸ್ಯೂಮೆ ತಿದ್ದುವ ಮುಂಚೆ ವಿಶ್ವವಿದ್ಯಾಲಯಕ್ಕೆ ಹೋಗಿ, ಕೋರ್ಸ್ ಮುಗಿಸಲು ಕೊನೆಯ ಗಡುವು ಯಾವಾಗ, ಪಠ್ಯಕ್ರಮ ಬದಲಾಗಿದೆಯೇ ಎಂದು ಈ ವಾರವೇ ವಿಚಾರಿಸಬೇಕು. ಗಡುವು ದಾಟಿದರೆ ಪಾಸಾದ ವಿಷಯಗಳೂ ಲೆಕ್ಕಕ್ಕೆ ಬಾರದೆ ಹೋಗಬಹುದು.

ಪ್ರಶ್ನೆ: ಒಂದೇ ಸೆಮಿಸ್ಟರ್ ಓದಿ ಬಿಟ್ಟೆ. ಅದನ್ನೂ ಹಾಕಬೇಕೇ?

ಉತ್ತರ: ಬೇಡ. ಒಂದು ವರ್ಷಕ್ಕಿಂತ ಕಡಿಮೆ ಓದು, ಅದೂ ಕೆಲಸಕ್ಕೆ ಸಂಬಂಧವಿಲ್ಲದ್ದು, ಓದುವವರ ಗಮನವನ್ನು ಬೇಡದ ಕಡೆ ಎಳೆಯುತ್ತದೆ. ನೀವು ಪೂರ್ತಿ ಮುಗಿಸಿದ ಹಂತವನ್ನೇ ಬರೆಯಿರಿ. ರೆಸ್ಯೂಮೆಯಲ್ಲಿ ಬಿಡುವುದು ಸುಳ್ಳಲ್ಲ, ಅದರಲ್ಲಿ ಏನಿರಬೇಕು ಎನ್ನುವ ಆಯ್ಕೆ ನಿಮ್ಮದು. ಅರ್ಜಿ ನಮೂನೆ ಹಾಗಲ್ಲ. ಅದು ‘ಓದಿದ ಎಲ್ಲ ಸಂಸ್ಥೆಗಳು’ ಎಂದು ಕೇಳಿದರೆ ಆ ಒಂದು ಸೆಮಿಸ್ಟರ್ ಕೂಡ ಬರಬೇಕು.

ಪ್ರಶ್ನೆ: ಆನ್‌ಲೈನ್ ಅರ್ಜಿಯಲ್ಲಿ ಪದವಿ ಆಯ್ಕೆ ಮಾಡದೆ ಮುಂದೆ ಹೋಗಲು ಬಿಡುವುದಿಲ್ಲ. ‘ಅಪೂರ್ಣ’ ಎಂಬ ಆಯ್ಕೆಯೇ ಇಲ್ಲ. ಏನು ಮಾಡಲಿ?

ಉತ್ತರ: ಪಟ್ಟಿಯನ್ನು ಕೊನೆಯವರೆಗೂ ನೋಡಿ. ಕೆಲವು ಕಡೆ ‘ಸಮ್ ಕಾಲೇಜ್’ (ಕಾಲೇಜಿನಲ್ಲಿ ಸ್ವಲ್ಪ ಓದಿ, ಪದವಿ ಮುಗಿಸದವರು) ಎಂದಿರುತ್ತದೆ, ಅದೇ ನಿಮ್ಮದು. ಅದಿಲ್ಲದಿದ್ದರೆ ಪೂರ್ತಿ ಮುಗಿಸಿದ ಅತ್ಯುನ್ನತ ಹಂತವನ್ನು ಆರಿಸಿ, ಅರ್ಧ ಓದಿದ್ದನ್ನು ಷರಾ ಖಾನೆಯಲ್ಲಿ ಬರೆಯಿರಿ. ಷರಾ ಖಾನೆಯೂ ಇಲ್ಲದಿದ್ದರೆ ಜೊತೆಗೆ ಸೇರಿಸುವ ರೆಸ್ಯೂಮೆಯೇ ಆ ಕೆಲಸ ಮಾಡುತ್ತದೆ. ‘ತೇರ್ಗಡೆಯಾದ ವರ್ಷ’ ಎನ್ನುವ ಕಡೆ ಕಾಲೇಜು ಬಿಟ್ಟ ವರ್ಷ ತುಂಬುವುದೇ ಹೆಚ್ಚಾಗಿ ಆಗುವ ತಪ್ಪು. ಅರ್ಜಿಯ ಕೊನೆಯಲ್ಲಿ ‘ಮೇಲಿನದೆಲ್ಲ ನಿಜ’ ಎಂದು ಟಿಕ್ ಮಾಡುತ್ತೀರಲ್ಲ, ಆ ಒಪ್ಪಿಗೆ ಈ ಖಾನೆಗೂ ಸೇರುತ್ತದೆ.

ಲಿಂಕ್ಡ್‌ಇನ್‌ನಲ್ಲಿ ಪದವಿಯ ಖಾನೆ ಕಡ್ಡಾಯವಲ್ಲ. ಅದನ್ನು ಖಾಲಿ ಬಿಟ್ಟು, ಓದಿದ ವಿಷಯ ತುಂಬಿ, ವಿವರಣೆಯಲ್ಲಿ ‘6ರಲ್ಲಿ 4 ಸೆಮಿಸ್ಟರ್’ ಎಂದು ಬರೆಯಿರಿ. ರೆಸ್ಯೂಮೆಯ ಇಸವಿಗಳು ಇಲ್ಲಿಯೂ ಅವೇ ಇರಬೇಕು.

ಪ್ರಶ್ನೆ: ಸಂದರ್ಶನದಲ್ಲಿ ಯಾಕೆ ಬಿಟ್ಟಿರಿ ಎಂದು ಕೇಳಿದರೆ?

ಉತ್ತರ: ಎರಡು ಮೂರು ವಾಕ್ಯ ಸಾಕು. ಕಾರಣ ಒಂದು, ಆಮೇಲೆ ಮಾಡಿದ್ದು ಒಂದು: ‘ಮನೆಯ ಜವಾಬ್ದಾರಿಯಿಂದ ಓದು ನಿಲ್ಲಿಸಬೇಕಾಯಿತು. ಅಲ್ಲಿಂದ ಸಪೋರ್ಟ್ ಕೆಲಸ ಮಾಡುತ್ತಾ ನೆಟ್‌ವರ್ಕಿಂಗ್ ಕಲಿತೆ.’ ಕಾಲೇಜನ್ನು, ಮೇಷ್ಟ್ರುಗಳನ್ನು ದೂರಬೇಡಿ. ಫೇಲಾಗಿದ್ದರೆ ‘ಆಸಕ್ತಿ ಬದಲಾಯಿತು’ ಎಂದು ಕಥೆ ಕಟ್ಟಬೇಡಿ, ಅಂಕಪಟ್ಟಿ ಕೇಳಿದರೆ ನಿಲ್ಲುವುದಿಲ್ಲ.

ಪ್ರಶ್ನೆ: ಹೋದ ತಿಂಗಳು ಕಳಿಸಿದ ರೆಸ್ಯೂಮೆಯಲ್ಲಿ ಪದವಿ ಇದೆ ಎನ್ನುವ ಹಾಗೆ ಬರೆದುಬಿಟ್ಟೆ. ಈಗ ಎರಡನೇ ಸುತ್ತಿಗೆ ಕರೆದಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಸುತ್ತು ನಡೆಯುವ ಮುಂಚೆ ಇವತ್ತೇ ತಿದ್ದಿ. ಎಚ್.ಆರ್.ಗೆ ಇಮೇಲ್ ಕಳಿಸಿ: ‘ನನ್ನ ರೆಸ್ಯೂಮೆಯ ಶಿಕ್ಷಣದ ಸಾಲು ಪದವಿ ಮುಗಿದಿದೆ ಎಂಬ ಅರ್ಥ ಕೊಡುತ್ತದೆ, ಅದು ತಪ್ಪು. ನಾನು 6 ಸೆಮಿಸ್ಟರ್‌ಗಳಲ್ಲಿ 4 ಮುಗಿಸಿದ್ದೇನೆ. ತಿದ್ದಿದ ಪ್ರತಿ ಲಗತ್ತಿಸಿದ್ದೇನೆ.’ ಇಷ್ಟೇ, ಉದ್ದನೆಯ ಸಮಜಾಯಿಷಿ ಬೇಡ. ಪದವಿ ಕಡ್ಡಾಯವಿರುವ ಹುದ್ದೆಯಾದರೆ ಅವಕಾಶ ಕೈತಪ್ಪಬಹುದು. ಪರಿಶೀಲನೆಯಲ್ಲಿ ಅವರೇ ಕಂಡುಹಿಡಿದರೆ ಈ ಹುದ್ದೆಯ ಜೊತೆಗೆ ಆ ಕಂಪನಿಯಲ್ಲಿ ಮುಂದಿನ ಅವಕಾಶಗಳೂ ಹೋಗಬಹುದು. ಹಳೆಯ ಪ್ರತಿ ಇನ್ನು ಯಾವ ಜಾಬ್ ಪೋರ್ಟಲ್‌ಗಳಲ್ಲಿದೆಯೋ ಅಲ್ಲೆಲ್ಲ ಅಳಿಸಿ, ಹೊಸದನ್ನು ಹಾಕಿ.