ಹೊಳೆಮತ್ತಿ ಚಕ್ಕೆ ರಕ್ತನಾಳವನ್ನು ಸಡಿಲಿಸುತ್ತಾ?

ಪ್ರಶ್ನೆ: ಅಪ್ಪನಿಗೆ ಬಿಪಿ ಇದೆ. ದಿನಾ ಹೊಳೆಮತ್ತಿ ಚಕ್ಕೆ ಕಷಾಯ ಕುಡಿಯುತ್ತಾರೆ. ಅದರಿಂದ ರಕ್ತನಾಳ ಸಡಿಲವಾಗುತ್ತದಂತೆ. ಇದನ್ನು ಲ್ಯಾಬಿನಲ್ಲಿ ಹೇಗೆ ನೋಡುತ್ತಾರೆ? ಮಾತ್ರೆ ಬಿಡಬಹುದಾ?

ಉತ್ತರ: ಮೊದಲು ಮಾತ್ರೆ ವಿಷಯ. ದಯವಿಟ್ಟು ಬಿಡಿಸಬೇಡಿ.

ಈಗ ಪರೀಕ್ಷೆಗೆ ಬರೋಣ. ಇಲಿಯ ಮಹಾಧಮನಿಯಿಂದ ಎರಡು ಮೂರು ಮಿಲಿಮೀಟರ್ ಅಗಲದ ಬಳೆಯಂಥ ತುಂಡು ಕತ್ತರಿಸುತ್ತಾರೆ. ಅದನ್ನು ಎರಡು ಸಣ್ಣ ಕೊಕ್ಕೆಗಳ ನಡುವೆ ಸಿಕ್ಕಿಸಿ, 37 ಡಿಗ್ರಿ ಬೆಚ್ಚಗಿನ ಉಪ್ಪುನೀರಿನ ದ್ರಾವಣದಲ್ಲಿ ಇಳಿಬಿಟ್ಟು, ಆಕ್ಸಿಜನ್ ಗುಳ್ಳೆ ಹಾಯಿಸುತ್ತಾ ಇರುತ್ತಾರೆ, ಹಾಗಾಗಿ ಆ ಪುಟ್ಟ ತುಂಡು ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ರಕ್ತನಾಳವನ್ನು ಬಿಗಿಯಾಗಿಸುವ ಫಿನೈಲೆಫ್ರಿನ್ ಎಂಬ ಔಷಧ ಹಾಕಿದರೆ ತುಂಡು ಬಿಗಿಯಾಗುತ್ತದೆ. ಆಮೇಲೆ ಗಿಡದ ಸಾರವನ್ನು ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡುತ್ತಾ ಹೋಗುತ್ತಾರೆ. ಬಿಗಿ ಇಳಿದರೆ ಅದನ್ನು ತೋರಿಸುವ ಪರದೆಯ ಮೇಲಿನ ಗೆರೆಯೂ ಇಳಿಯುತ್ತದೆ. ನೋಡೋಕೆ ನಿಜಕ್ಕೂ ಚೆಂದ!

ಇನ್ನೊಂದು ತುಂಡಿನ ಒಳಪದರವನ್ನು ಮೆಲ್ಲಗೆ ಉಜ್ಜಿ ತೆಗೆದು ಅದೇ ಸಾರ ಹಾಕುತ್ತಾರೆ. ಆಗ ಸಡಿಲವಾಗದಿದ್ದರೆ, ಕೆಲಸ ನಡೆದದ್ದು ಒಳಪದರದ ಮೂಲಕ ಅಂತ ಅರ್ಥ. 1980ರಲ್ಲಿ ಅಮೆರಿಕದ ವಿಜ್ಞಾನಿ ಫರ್ಚ್‌ಗಾಟ್ ಒಳಪದರದ ಈ ಪಾತ್ರವನ್ನು ತೋರಿಸಿದರು. ಅಲ್ಲಿಂದ ಹೊರಟು ನಾಳವನ್ನು ಸಡಿಲಿಸುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಅಂತ ಆಮೇಲೆ ತಿಳಿಯಿತು. ಅವರಿಗೂ ಇನ್ನಿಬ್ಬರಿಗೂ 1998ರಲ್ಲಿ ನೊಬೆಲ್ ಬಂತು.

ಆದರೆ ಅಲ್ಲಿ ಸಾರ ನೇರವಾಗಿ ನಾಳಕ್ಕೇ ತಾಗುತ್ತದೆ, ಅಲ್ವಾ? ಅಪ್ಪ ಕುಡಿದ ಕಷಾಯ ಹೊಟ್ಟೆ, ಕರುಳು, ಯಕೃತ್ತು ದಾಟಬೇಕು. ಎಷ್ಟು ಉಳಿಯುತ್ತದೆ ಅನ್ನುವುದು ಆ ತುಂಡಿನಿಂದ ಗೊತ್ತಾಗುವುದಿಲ್ಲ. ಕಷಾಯದ ವಿಷಯವನ್ನು ಡಾಕ್ಟರಿಗೆ ಹೇಳಿ, ಮಾತ್ರೆ ಜೊತೆ ಸೇರಿ ಬಿಪಿ ಜಾಸ್ತಿ ಇಳಿಯುತ್ತಿದೆಯಾ ಅಂತ ಮನೆಯಲ್ಲೇ ಅಳೆದು ಬರೆದಿಡಿ.