ಅರ್ಬಾನಾಕ್ಕೆ ಹೊರಟ ಬ್ಯಾಂಕಿನವರಿಗೆ

ಪ್ರಶ್ನೆ ಬಂದದ್ದು ಅಕ್ಕನ ಮೂಲಕ. ಕೇಳಿದವರು ಉಡುಪಿಯವರೇ, ಮಂಗಳೂರಿನ ಒಂದು ಬ್ಯಾಂಕಿನಲ್ಲಿ ಆಫೀಸರು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಹೆಂಡತಿ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಎಂ.ಟೆಕ್. ಮುಗಿಸಿದವಳು, ಬರುವ ಆಗಸ್ಟಿಗೆ ಅಮೆರಿಕದ ಅರ್ಬಾನಾದಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿಗೆ ಹೊರಟಿದ್ದಾಳೆ. ವಾಟ್ಸಾಪಿನಲ್ಲಿ ಬಂದ ಮೆಸೇಜು ಹೀಗಿತ್ತು: "ಆಂಟಿ, ಮನೆ ಎಲ್ಲಿ ಮಾಡ್ಬೇಕು, ಕಾರು ಕೂಡಲೇ ಬೇಕಾ, ಇಲ್ಲಿಂದ ಎಂತೆಲ್ಲ ಕಟ್ಟಿಕೊಂಡು ಹೋಗ್ಬೇಕು, ಅಷ್ಟು ಸಣ್ಣ ಊರಿನಲ್ಲಿ ಬೋರ್ ಆಗ್ತದಾ? ಮತ್ತೆ ನಾನು ಹೋಗುವುದು ಡಿಪೆಂಡೆಂಟ್ ವೀಸಾದಲ್ಲಿ. ಬ್ಯಾಂಕಿಗೆ ರಾಜೀನಾಮೆ ಕೊಡುವುದಾ, ಸಂಬಳವಿಲ್ಲದ ರಜೆ ಹಾಕುವುದಾ?"

ನಿಮಗೆ ನಿಜವಾಗಿ ಕೇಳ್ಬೇಕಾದ್ದು ಆ ಕೊನೆಯದ್ದು, ಉಳಿದದ್ದೆಲ್ಲ ಪೀಠಿಕೆ ಅಂತ ಓದುವಾಗಲೇ ಗೊತ್ತಾಯಿತು. ನಾನೂ ಅದೇ ಊರಿಗೆ, ಅದೇ ಡಿಪೆಂಡೆಂಟ್ ವೀಸಾದಲ್ಲಿ (ಓದಲಿಕ್ಕೆ ಹೋಗುವವರ ಗಂಡನಿಗೋ ಹೆಂಡತಿಗೋ ಕೊಡುವುದು, ಎಫ್-2 ಅಂತ ಹೆಸರು), 2003ರ ಆಗಸ್ಟಿನಲ್ಲಿ ಹೋದವಳು. ಈಗ ರಜೆಯಲ್ಲಿ ಅಂಬಲಪಾಡಿಗೆ ಬಂದಿದ್ದೇನೆ. ಫೋನಿನಲ್ಲಿ ಹೇಳಿದ್ರೆ ಅರ್ಧ ಬಿಟ್ಟುಹೋಗ್ತದೆ, ಹಾಗಾಗಿ ಬರೀತಾ ಇದ್ದೇನೆ.

ಪೀಠಿಕೆಯನ್ನು ಬೇಗ ಮುಗಿಸುವ. ಅಲ್ಲಿ ವಿದ್ಯಾರ್ಥಿಗಳ ಮನೆ ಕರಾರು ಹೆಚ್ಚಾಗಿ ಆಗಸ್ಟಿನಿಂದ ಆಗಸ್ಟಿಗೆ. ಒಳ್ಳೊಳ್ಳೆಯ ಮನೆಗಳು ಹಿಂದಿನ ವರ್ಷವೇ ಹೋಗಿಬಿಟ್ಟಿರ್ತವೆ, ನೀವೀಗ ಹುಡುಕುವುದು ಉಳಿದದ್ದರಲ್ಲಿ. ವಿಶ್ವವಿದ್ಯಾಲಯದ್ದೇ ಆರ್ಚರ್ಡ್ ಡೌನ್ಸ್ ಅಂತ ಸಂಸಾರಸ್ಥ ವಿದ್ಯಾರ್ಥಿಗಳ ವಸತಿ ಉಂಟು. ಹಳೇ ಕಟ್ಟಡಗಳು, ಚಂದ ಬಯಸಬೇಡಿ. ಆದರೂ ಖಾಲಿ ಇದ್ದರೆ ಅಲ್ಲಿಗೇ ಹಾಕಿ. ಯಾಕೆ ಅಂತ ಆಮೇಲೆ ಹೇಳ್ತೇನೆ. ಬಾಡಿಗೆ ಎಷ್ಟು ಅಂತ ನನ್ನ ಹತ್ರ ಕೇಳ್ಬೇಡಿ, ನಾವು ಬಾಡಿಗೆ ಮನೆ ಬಿಟ್ಟು ಕಾಲವಾಯಿತು. ಯಾವ ಮನೆಯಾದರೂ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ. ಬೀಗದ ಕೈ ಸಿಕ್ಕಿದ ದಿನವೇ ಗೋಡೆ, ನೆಲ, ಒಲೆ, ಬಚ್ಚಲು ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಬಿಡುವಾಗ ಡಿಪಾಸಿಟ್ಟಿನಲ್ಲಿ ಮುರಿದುಕೊಳ್ಳುವುದಕ್ಕೆ ಯಾವ ದೇಶದ ಮನೆ ಮಾಲಕರಿಗೂ ಕಾರಣ ಬೇಕಷ್ಟೆ.

ಕಾರು ಮೊದಲ ವರ್ಷ ಬೇಡ. ಎಂಟಿಡಿ ಅಂತ ಊರ ಬಸ್ಸು ಉಂಟು, ವಿದ್ಯಾರ್ಥಿಗಳಿಗೆ ಐ-ಕಾರ್ಡ್ ತೋರಿಸಿದ್ರೆ ಸಾಕು, ನೀವು ಪಾಸು ಮಾಡಿಸಿಕೊಳ್ಬೇಕು. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ಸಿನಲ್ಲಿ ದಿನಾ ನೇತಾಡಿ ಹೋಗುವವರಿಗೆ ಅಲ್ಲಿಯ ಬಸ್ಸು ಅತ್ತೆ ಮನೆಗೆ ಹೋದಷ್ಟು ಸುಖ. ಕಾರು ತೆಗೆದ ಮೇಲೆ ಒಂದು ನೆನಪಿಡಿ: ಎರಡು ಲೇನಿನ ರಸ್ತೆಯಲ್ಲಿ ಶಾಲಾ ಬಸ್ಸು ಕೆಂಪು ದೀಪ ಹಾಕಿ ನಿಂತರೆ ಎದುರಿನಿಂದ ಬರುವವರೂ ನಿಲ್ಲಬೇಕು.

ಸಾಮಾನು. ಕುಕ್ಕರ್ ತೆಗೆದುಕೊಂಡು ಹೋಗಿ, ಮಿಕ್ಸಿ ಬೇಡ. ಅಲ್ಲಿ ಕರೆಂಟು 120 ವೋಲ್ಟ್, ನಮ್ಮ ಮಿಕ್ಸಿ ತಿರುಗುವುದಿಲ್ಲ. ಚಳಿ ಕೋಟು ಹಂಪನಕಟ್ಟೆಯಲ್ಲಿ ತೆಗೀಬೇಡಿ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ದಿನ ಬರ್ತದೆ, ಅದಕ್ಕೆ ಬೇಕಾದ್ದು ಅಲ್ಲಿಯೇ ಸಿಗುವುದು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಣಗಿಸಿದ ಪುನರ್ಪುಳಿ ಸಿಪ್ಪೆ ಎಷ್ಟು ಹಿಡಿಯುತ್ತದೋ ಅಷ್ಟು ತುಂಬಿಸಿ, ವಿಮಾನ ನಿಲ್ದಾಣದಲ್ಲಿ ಕೇಳಿದ್ರೆ ತಿನ್ನುವ ವಸ್ತು ಉಂಟು ಅಂತ ಹೇಳಿಬಿಡಿ. ಹಸಿ ತರಕಾರಿ, ಹಣ್ಣು, ಬೀಜ ಬೇಡ. ಮಟ್ಟು ಗುಳ್ಳದ ಬೀಜ ಸೀರೆಯ ಮಡಿಕೆಯಲ್ಲಿಟ್ಟು ತಂದವರ ಕಥೆ ಯಾರಾದ್ರೂ ಹೇಳಿದ್ರೆ ಕೇಳಿ ನಕ್ಕುಬಿಡಿ, ಮಾಡ್ಲಿಕ್ಕೆ ಹೋಗಬೇಡಿ. ಇಂಡಿಯನ್ ಅಂಗಡಿಯಲ್ಲಿ ಕೇರಳದ ಮಟ್ಟ ಅಕ್ಕಿ ಸಿಗ್ತದೆ, ನಮ್ಮ ಕುಚ್ಚಲಕ್ಕಿಯ ರುಚಿ ಇಲ್ಲ, ಗಂಜಿಗೆ ಆಗ್ತದೆ. ಕಾಯಿತುರಿ ಫ್ರೀಜರಿನಲ್ಲಿ ಉಂಟು. ಕೆಸುವಿನ ಎಲೆ ಸಿಗದಿದ್ದರೆ ಕೊಲಾರ್ಡ್ ಅಂತ ಒಂದು ಸೊಪ್ಪು, ಅದರಲ್ಲಿ ಪತ್ರೊಡೆ ಮಾಡ್ತೇವೆ. ನಾರನ್ನು ಚೆನ್ನಾಗಿ ಕೆತ್ತಿ ತೆಗೆದರೆ ಆಟಿ ತಿಂಗಳ ಆಸೆ ಮುಕ್ಕಾಲು ತೀರ್ತದೆ. ಬ್ಯಾಡಗಿ ಮೆಣಸಿನ ಒಗ್ಗರಣೆ ಹಾಕುವಾಗ ಮೊದಲು ಕಿಟಕಿ ತೆರೆಯಿರಿ. ಹೊಗೆಯ ಅಲಾರಾಂ ಹೊಡೆದುಕೊಂಡರೆ ಇಡೀ ಮಹಡಿಯ ಜನ ಬಾಗಿಲಿಗೆ ಬರ್ತಾರೆ.

ಬೋರ್ ಆಗ್ತದಾ ಅಂತ ಕೇಳಿದ್ದೀರಿ. ಊರು ಸಮತಟ್ಟು. ಗುಡ್ಡೆ ಇಲ್ಲ, ಸಮುದ್ರ ಇಲ್ಲ, ಎಲ್ಲಿ ನೋಡಿದ್ರೂ ಮೆಕ್ಕೆಜೋಳ ಮತ್ತು ಸೋಯಾ. ಶಿಕಾಗೋ 220 ಕಿಲೋಮೀಟರು ದೂರ, ಉಡುಪಿಯಿಂದ ಕಾರವಾರಕ್ಕೆ ಹೋದ ಹಾಗೆ, ರೈಲು ಉಂಟು. ಕನ್ನಡದವರ ವಿದ್ಯಾರಣ್ಯ ಕನ್ನಡ ಕೂಟ, ಲೆಮಾಂಟಿನ ದೇವಸ್ಥಾನ ಎಲ್ಲ ಆ ಕಡೆಯೇ. ಆದರೆ ಸಣ್ಣ ಊರು ಅಂತ ಹೀನಾಯ ಮಾಡ್ಬೇಡಿ, ನನಗೆ ಸಿಟ್ಟು ಬರ್ತದೆ. ಕ್ಯಾಂಪಸ್ಸಿನ ನಡುವೆ ಮಾರೋ ಪ್ಲಾಟ್ಸ್ ಅಂತ ಒಂದು ಗದ್ದೆ ಉಂಟು. 1876ರಿಂದ ಅಲ್ಲಿ ಜೋಳ ಬೆಳೆದು ಮಣ್ಣಿನ ಪರೀಕ್ಷೆ ಮಾಡ್ತಾ ಬಂದಿದ್ದಾರೆ, ಅಮೆರಿಕದಲ್ಲೇ ಅಷ್ಟು ಹಳೆಯ ಪ್ರಯೋಗದ ಗದ್ದೆ ಬೇರೆ ಇಲ್ಲ. ಅದರ ಮೇಲೆ ನೆರಳು ಬೀಳಬಾರದು ಅಂತ ಪಕ್ಕದ ಲೈಬ್ರರಿಯನ್ನು ನೆಲದ ಅಡಿಯಲ್ಲಿ ಕಟ್ಟಿದರು ಅಂತ ಊರವರು ಹೆಮ್ಮೆಯಿಂದ ಹೇಳ್ತಾರೆ.

ಇನ್ನು ನಿಮ್ಮ ಪ್ರಶ್ನೆ.

ಹೋದ ಹೊಸತರಲ್ಲಿ ಒಂದು ಮಂಗಳವಾರ ನಮ್ಮವರು ಬೆಳಿಗ್ಗೆಯೇ ಲ್ಯಾಬಿಗೆ ಹೋಗಿದ್ದರು. ಹತ್ತು ಗಂಟೆಗೆ ಊರಿಡೀ ಸೈರನ್ ಕೂಗಲಿಕ್ಕೆ ಶುರುವಾಯಿತು. ಸುಂಟರಗಾಳಿ ಬಂದರೆ ಹಾಗೆ ಕೂಗ್ತದೆ, ಕೂಡಲೇ ಕೆಳಗೆ ಇಳೀಬೇಕು ಅಂತ ಮನೆ ಕೊಡುವಾಗ ಕೊಟ್ಟ ಕಾಗದದಲ್ಲಿ ಓದಿದ್ದೆ. ಒಲೆ ಆರಿಸಿ, ಪಾಸ್‌ಪೋರ್ಟಿನ ಫೈಲು ಮತ್ತು ಚಿನ್ನದ ಡಬ್ಬಿ ಹಿಡ್ಕೊಂಡು ಬಟ್ಟೆ ಒಗೆಯುವ ಕೋಣೆಗೆ ಓಡಿದೆ. ಹೊರಗೆ ನೋಡಿದ್ರೆ ಚುರುಚುರು ಬಿಸಿಲು. ಅಲ್ಲಿ ಕೊರಿಯಾದ ಹೆಂಗಸೊಬ್ಬಳು ಬೆಡ್‌ಶೀಟ್ ಮಡಚ್ತಾ ಇದ್ದಳು. ನನ್ನ ಮುಖ, ಕೈಯಲ್ಲಿದ್ದ ಡಬ್ಬಿ ಎರಡನ್ನೂ ನೋಡಿ "ಟೆಸ್ಟ್, ಟೆಸ್ಟ್" ಅಂದಳು. ಆಮೇಲೆ ಶೀಟಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು.

ಇಲಿನಾಯಿಯಲ್ಲಿ ಪ್ರತಿ ತಿಂಗಳ ಮೊದಲ ಮಂಗಳವಾರ ಹತ್ತು ಗಂಟೆಗೆ ಆ ಸೈರನ್ನಿನ ಪರೀಕ್ಷೆ. ರಾತ್ರಿ ಇವರ ಹತ್ರ ಹೇಳಿದ್ರೆ, "ಹೌದು, ಲ್ಯಾಬಲ್ಲಿ ಯಾರೋ ಹೇಳಿದ್ರು" ಅಂದರು. ಓದಲಿಕ್ಕೆ ಹೋದವರಿಗೆ ಹಾಗೆಯೇ. ಒಂದು ಮೇಜು, ಒಬ್ಬ ಪ್ರೊಫೆಸರು, ಮಧ್ಯಾಹ್ನದ ಊಟಕ್ಕೆ ನಾಲ್ಕು ಜನ ಮೊದಲ ವಾರವೇ ಸಿಗ್ತಾರೆ, ಊರಿನ ಸುದ್ದಿಯೆಲ್ಲ ಅವರ ಕಿವಿಗೆ ತಾನಾಗಿ ಬೀಳ್ತದೆ. ಜೊತೆಗೆ ಹೋದವರಿಗೆ ಯಾರೂ ಎಂತದ್ದೂ ಹೇಳುವುದಿಲ್ಲ. ಆರ್ಚರ್ಡ್ ಡೌನ್ಸಿಗೆ ಹಾಕಿ ಅಂದದ್ದು ಇದಕ್ಕೇ. ನಿಮ್ಮ ಹಾಗೆ ಗಂಡನ ಜೊತೆ, ಹೆಂಡತಿಯ ಜೊತೆ ಬಂದವರು ಅಲ್ಲಿ ಸಿಗ್ತಾರೆ. ತರಕಾರಿ ಬೆಳೀಲಿಕ್ಕೆ ತುಂಡು ಜಾಗವೂ ಕೊಡ್ತಾರೆ. ನಾನೂ ಆ ಕೊರಿಯಾದವಳೂ ಪಕ್ಕ ಪಕ್ಕ ಜಾಗ ತೆಗೆದುಕೊಂಡು ವರ್ಷಗಟ್ಟಲೆ ಮಾಡಿದ್ದೇವೆ. ಬಸಳೆ ಜುಲೈಯಲ್ಲಿ ನಮ್ಮೂರಿನ ಹಾಗೆಯೇ ಹಬ್ಬುತ್ತದೆ, ಅಕ್ಟೋಬರಿನಲ್ಲಿ ಒಂದು ರಾತ್ರಿ ಹಿಮ ಬಿದ್ದು ಬೆಳಿಗ್ಗೆ ನೋಡುವಾಗ ಕಪ್ಪು.

ವೀಸಾದ ನಿಯಮ ಸೀದಾ ಹೇಳ್ತೇನೆ. ಎಫ್-2ನವರು ಸಂಬಳದ ಕೆಲಸ ಮಾಡುವಂತಿಲ್ಲ, ಅರ್ಧ ದಿನದ್ದೂ ಇಲ್ಲ. ಅಲ್ಲಿ ಕೆಲಸಕ್ಕೆ, ತೆರಿಗೆಗೆ ಬೇಕಾಗುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗುವುದಿಲ್ಲ. ನಿಮ್ಮ ಹೆಂಡತಿಗೆ ಅಸಿಸ್ಟೆಂಟ್‌ಶಿಪ್, ಅಂದರೆ ವಿಶ್ವವಿದ್ಯಾಲಯದಲ್ಲೇ ಪಾಠದ್ದೋ ಸಂಶೋಧನೆಯದ್ದೋ ಕೆಲಸ ಇದ್ದರೆ ಫೀಸು ಮಾಫಿ, ಮೇಲೆ ತಿಂಗಳ ಸ್ಟೈಪೆಂಡು. ಇಬ್ಬರಿಗೆ ಕಷ್ಟದಲ್ಲಿ ಸಾಲುತ್ತದೆ. ನಿಮ್ಮ ಆರೋಗ್ಯ ವಿಮೆಗೆ ಬೇರೆ ದುಡ್ಡು ತೆಗೆದಿಡಿ, ಅದು ಚೀಪ್ ಅಲ್ಲ. ಓದುವ ವಿಷಯದಲ್ಲಿ ನಿಮ್ಮ ಅದೃಷ್ಟ ನನ್ನದಕ್ಕಿಂತ ಒಳ್ಳೆಯದು. 2003ರ ಜನವರಿಯಲ್ಲಿ ನಿಯಮ ಬಿಗಿ ಮಾಡಿದ್ದರು, ಎಫ್-2ನವರು ಹವ್ಯಾಸಕ್ಕೆ ಏನಾದರೂ ಕಲೀಬಹುದು, ಡಿಗ್ರಿಗೆ ಓದುವ ಹಾಗಿಲ್ಲ ಅಂತ. ನಾನು ಹೋದದ್ದು ಅದೇ ವರ್ಷ. ಅದನ್ನು ಸಡಿಲಿಸಿದ್ದು 2015ರ ಮೇಯಲ್ಲಿ. ಈಗ ಪಾರ್ಟ್ ಟೈಮ್ ಆಗಿ ಡಿಗ್ರಿ ಕ್ಲಾಸುಗಳನ್ನೇ ತೆಗೆದುಕೊಳ್ಬಹುದು.

ನಾನು ಕೊಣಾಜೆಯಲ್ಲಿ ಬಾಟನಿ ಎಂ.ಎಸ್ಸಿ. ಮಾಡಿ ಉಡುಪಿಯಲ್ಲಿ ಲೆಕ್ಚರರ್ ಆಗಿದ್ದವಳು. ಕೆಲಸ ಪರ್ಮನೆಂಟ್ ಆಗಿತ್ತು. ಮದುವೆಯಾಗಿ ಅಮೆರಿಕಕ್ಕೆ ಹೋಗುವವಳು ರಜೆ ಹಾಕುವುದುಂಟಾ ಅಂತ ಎಲ್ಲರೂ ನಕ್ಕರು, ರಾಜೀನಾಮೆ ಬರೆದುಕೊಟ್ಟದ್ದಾಯಿತು. ಹೋದ ಮೇಲೆ ದಿನಾ ಇವರ ಜೊತೆ ಕ್ಯಾಂಪಸ್ಸಿಗೆ ನಡೆದು, ಇವರು ಲ್ಯಾಬಿನೊಳಗೆ ಹೋದ ಮೇಲೆ ಆ ಜೋಳದ ಗದ್ದೆಯ ಬದಿಯಲ್ಲಿ ನಿಲ್ಲುತ್ತಿದ್ದೆ. ಯಾವ ಸಾಲಿಗೆ ಗೊಬ್ಬರ ಹಾಕಿದ್ದಾರೆ, ಯಾವುದಕ್ಕೆ ಇಲ್ಲ ಅಂತ ಎಲೆಯ ಬಣ್ಣ ನೋಡಿಯೇ ಹೇಳಬಹುದು. ಪಾಠ ಮಾಡ್ಲಿಕ್ಕೆ ಎಷ್ಟು ಒಳ್ಳೆಯ ಜಾಗ ಮಾರಾಯ್ರೆ! ಹೇಳ್ಲಿಕ್ಕೆ ಎದುರಿಗೆ ಒಂದು ಕ್ಲಾಸಿಲ್ಲ, ಕಲೀಲಿಕ್ಕೆ ನನಗೆ ಪರವಾನಗಿ ಇಲ್ಲ. ಗ್ರೀನ್ ಕಾರ್ಡ್ ಬರುವಾಗ ಮಕ್ಕಳು ಶಾಲೆಗೆ ಹೋಗ್ತಿದ್ದರು. ಈಗ ಒಂದು ಗ್ರೀನ್‌ಹೌಸಿನಲ್ಲಿ ಕೆಲಸ, ಗಿಡಗಳ ನಡುವೆಯೇ ಇದ್ದೇನೆ, ದೂರು ಹೇಳುವಂಥದ್ದು ಏನಿಲ್ಲ. ಆದರೂ ಮೊನ್ನೆ ಕಲ್ಸಂಕದಲ್ಲಿ ನನ್ನ ಜಾಗಕ್ಕೆ ಬಂದಿದ್ದ ಮೇಡಂ ಸಿಕ್ಕಿದರು, ಈಗ ವಿಭಾಗದ ಮುಖ್ಯಸ್ಥೆ. ಉತ್ತರ ಪತ್ರಿಕೆಯ ಕಟ್ಟು ಸ್ಕೂಟರಿನಲ್ಲಿಟ್ಟುಕೊಂಡು ಮೌಲ್ಯಮಾಪನ ಸಾಕಾಯಿತು ಅಂತ ಬೈಯ್ತಾ ಇದ್ದರು. ಆ ಬೈಗಳೂ ನನ್ನ ಪಾಲಿಗೆ ಇಲ್ಲವಲ್ಲ ಅಂತ ಮನೆಗೆ ಬಂದ ಮೇಲೂ ಅನಿಸ್ತಾ ಇತ್ತು.

ಹಾಗಾಗಿ, ರಾಜೀನಾಮೆ ಕೊಡಬೇಡಿ. ಬ್ಯಾಂಕು ಸಂಬಳವಿಲ್ಲದೆ ಎಷ್ಟು ರಜೆ ಕೊಡ್ತದೋ ಅಷ್ಟನ್ನೂ ಲಿಖಿತದಲ್ಲಿ ತೆಗೆದುಕೊಳ್ಳಿ. ಅಲ್ಲಿ ಕೂತು ಇಲ್ಲಿಯ ಕೆಲಸವನ್ನು ಆನ್‌ಲೈನಿನಲ್ಲಿ ಮಾಡುವ ಯೋಚನೆ ಇದ್ದರೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳದೆ ಕೈ ಹಾಕಬೇಡಿ. ಹೋದ ಕೂಡಲೇ ಅಲ್ಲೇ ಹತ್ತಿರದ ಪಾರ್ಕ್‌ಲ್ಯಾಂಡ್ ಕಾಲೇಜಿನಲ್ಲಿ ಅಕೌಂಟ್ಸಿನದ್ದೋ ಡೇಟಾದ್ದೋ ಒಂದೆರಡು ಕ್ಲಾಸು ಹಿಡಿಯಿರಿ. ಅದರಿಂದ ಕೆಲಸ ಸಿಗ್ತದೆ ಅಂತ ಹೇಳುವುದಿಲ್ಲ, ಬೆಳಿಗ್ಗೆ ಶರ್ಟಿಗೆ ಇಸ್ತ್ರಿ ಹಾಕಲಿಕ್ಕೆ ಒಂದು ಕಾರಣ ಸಿಗ್ತದೆ. ರಜೆ ಮುಗಿಯುವ ಹೊತ್ತಿಗೆ ನೀವೇ ಒಂದು ಅಡ್ಮಿಶನ್ ಮಾಡಿಕೊಂಡು ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಗುವುದಾ, ವಾಪಸು ಬಂದು ಬ್ಯಾಂಕಿಗೆ ಸೇರುವುದಾ, ಇಬ್ಬರೂ ಹೊರಡುವ ಮೊದಲೇ ಮಾತಾಡಿಟ್ಟುಕೊಳ್ಳಿ. ಪಿಎಚ್‌ಡಿ ಐದಾರು ವರ್ಷದ ಸಂಗತಿ. "ಆಗ ನೋಡುವ" ಅಂತ ಬಿಟ್ಟರೆ ಆ ಆಗ ಬರುವುದೇ ಇಲ್ಲ.

ಇನ್ನೊಂದು, ನಿಮಗೆ ಯಾರೂ ಹೇಳುವುದಿಲ್ಲ ಅಂತ ಹೇಳ್ತೇನೆ. ನಾನು ಮನೆಯಲ್ಲಿ ಕೂತಾಗ ಊರಿನಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ, ಹೆಂಗಸಲ್ಲವಾ. ನಿಮ್ಮನ್ನು ಕೇಳ್ತಾರೆ. ಚೌತಿ ಪೂಜೆಯ ಊಟದ ಪಂಕ್ತಿಯಲ್ಲಿ ನಿಮ್ಮ ಅಮ್ಮನ ಹತ್ರ ಕೇಳ್ತಾರೆ, "ಮಗ ಅಲ್ಲಿ ಎಂತ ಮಾಡ್ತಾನೆ?" ಅಂತ. ಆಗ ಅಮ್ಮ ತಡವರಿಸಬಾರದು. "ಸೊಸೆ ಪಿಎಚ್‌ಡಿ ಮಾಡ್ತಾಳೆ, ಮಗ ಜೊತೆಯಲ್ಲಿದ್ದಾನೆ, ಬ್ಯಾಂಕಿಗೆ ರಜೆ ಹಾಕಿ ಹೋಗಿದ್ದಾನೆ" ಅಂತ ಸೀದಾ ಹೇಳುವಷ್ಟು ಅವರಿಗೆ ಈಗಲೇ ಎಲ್ಲ ಗೊತ್ತಿರಲಿ. ಐಟಿಯಲ್ಲಿ ಉಂಟು ಅಂತ ಒಂದು ಸುಳ್ಳು ಹೇಳಿದ್ರೆ ಕೃಷ್ಣ ಮಠದ ಮುಂದಿನ ಪರ್ಯಾಯ ಉತ್ಸವದವರೆಗೂ ಅದನ್ನು ಸಾಕಬೇಕಾಗ್ತದೆ. ಪರ್ಯಾಯ ಅಂದದ್ದಕ್ಕೆ ನೆನಪಾಯಿತು: ಜನವರಿ 18ಕ್ಕೆ ನಿಮ್ಮ ಹೆಂಡತಿಗೆ ಸೆಮಿಸ್ಟರ್ ಶುರುವಿನ ಗಡಿಬಿಡಿ ಇರ್ತದೆ. ಜೋಡುಕಟ್ಟೆಯ ಮೆರವಣಿಗೆಯನ್ನು ನಾನು ಅಲ್ಲಿಗೆ ಹೋದ ಮೇಲೆ ಮೊಬೈಲಿನಲ್ಲಿ ಬಿಟ್ಟು ನೋಡಿದ್ದಿಲ್ಲ.

ಕೊನೆಗೆ ಒಂದು ಕೆಲಸ, ಇದು ತುರ್ತಿನದ್ದು. ಚೆನ್ನೈಯಲ್ಲಿ ವೀಸಾ ಸಂದರ್ಶನಕ್ಕೆ ದಿನ ಹಿಡಿದಿಲ್ಲ ಅಂತ ಅಕ್ಕ ಹೇಳಿದಳು. ಹಾಗಾದ್ರೆ ನಿಮ್ಮ ಹೆಂಡತಿ ಇವತ್ತೇ ಅಂತರರಾಷ್ಟ್ರೀಯ ಕಚೇರಿಗೆ ಒಂದು ಈಮೈಲ್ ಹಾಕಲಿ, ಎಫ್-1ರ ಬದಲು ಜೆ-1 ಅನ್ನುವ ವಿನಿಮಯ ಕಾರ್ಯಕ್ರಮದ ವೀಸಾದಲ್ಲಿ ಕರೆಸಿಕೊಳ್ಳಲಿಕ್ಕೆ ಆಗ್ತದಾ ಅಂತ. ಖರ್ಚಿನ ಹೆಚ್ಚಿನ ಪಾಲು ವಿಶ್ವವಿದ್ಯಾಲಯದಿಂದಲೇ ಬರುವವರಿಗೆ ಆ ದಾರಿ ಇರ್ತದೆ. ಜೆ-1ರ ಜೊತೆ ಹೋಗುವ ಜೆ-2ನವರು ಅಲ್ಲಿ ಮುಟ್ಟಿದ ಮೇಲೆ ಅರ್ಜಿ ಹಾಕಿ ಕೆಲಸದ ಪರವಾನಗಿ ಪಡೀಬಹುದು. ಕೈಗೆ ಬರಲಿಕ್ಕೆ ತಿಂಗಳುಗಳಾಗ್ತವೆ, ಆದರೆ ಬರ್ತದೆ. ಓದು ಮುಗಿದ ಮೇಲೆ ಎರಡು ವರ್ಷ ಊರಿಗೆ ಬಂದಿರಬೇಕು ಅನ್ನುವ ನಿಯಮಕ್ಕೆ ಹೆದರಿ ಹಿಂದೆ ನಮ್ಮ ದೇಶದವರು ಜೆ ಹೆಸರೆತ್ತುತ್ತಿರಲಿಲ್ಲ. ಆ ನಿಯಮ ಯಾವ ದೇಶದವರಿಗೆ ಅಂತ ಹೇಳುವ ಕೌಶಲಗಳ ಪಟ್ಟಿ ಅಂತ ಒಂದುಂಟು, ಅದರಿಂದ ಭಾರತವನ್ನು 2024ರ ಡಿಸೆಂಬರಿನಲ್ಲಿ ತೆಗೆದಿದ್ದಾರೆ. ಸರಕಾರದ ದುಡ್ಡಿನಲ್ಲಿ ಹೋಗುವವರಿಗೆ ಮಾತ್ರ ಆ ಗಂಟು ಈಗಲೂ ಬೀಳಬಹುದು. ಓದಿನ ನಂತರ ಅಲ್ಲೇ ಕೆಲಸ ಮಾಡುವ ಅವಕಾಶದಲ್ಲಿ ಎಫ್‌ಗೂ ಜೆಗೂ ವ್ಯತ್ಯಾಸ ಉಂಟು, ಅದನ್ನೂ ಅದೇ ಈಮೈಲಿನಲ್ಲಿ ಕೇಳಲಿ. ಉತ್ತರ ಬಂದ ಮೇಲೆ ಇಬ್ಬರೂ ಅಂಬಲಪಾಡಿಗೆ ಬನ್ನಿ, ಜೂನ್ ಕೊನೆಯವರೆಗೆ ಇಲ್ಲೇ ಇರ್ತೇನೆ. ಸಂಜೆ ನಾಲ್ಕರ ಮೇಲೆ ಬಂದರೆ ಒಳ್ಳೆಯದು, ಅಷ್ಟರವರೆಗೆ ಅಕ್ಕನ ಜೊತೆ ಹಪ್ಪಳ ಒತ್ತಲಿಕ್ಕುಂಟು.