ಮೀನಿನ ಮುಳ್ಳು ಬಿಡಿಸುವ ಚೂರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಜುಲೈ 31ರ ನಡುರಾತ್ರಿಗೆ ಕೇರಳ ಕರಾವಳಿಯ ಟ್ರಾಲಿಂಗ್ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮೀನಿನ ವಿಚಾರ ಹೆಚ್ಚುವುದು ಪ್ರತಿ ವರ್ಷದ ವಾಡಿಕೆ. ಈ ಬಾರಿ ಆರು ಮಂದಿ ಚೂರಿಯ ಬಗ್ಗೆಯೇ ಕೇಳಿರುವುದರಿಂದ ಅವೆಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಇಷ್ಟು ವರ್ಷವೂ ಮೆಟ್ಟುಕತ್ತಿಯಲ್ಲಿಯೇ ಮೀನು ಕೊಯ್ದವಳು. ಈಗ ಮೊಮ್ಮಕ್ಕಳಿಗೆ ಮುಳ್ಳಿಲ್ಲದ ಮೀನು ಬೇಕು. ಬಂಗುಡೆ, ಕಾಣೆ ನಮ್ಮಲ್ಲಿ ಹೆಚ್ಚು, ಅಪರೂಪಕ್ಕೆ ಅಂಜಲ್. ಎಂತಹ ಚೂರಿ ಕೊಳ್ಳಬೇಕು? (ಗೃಹಿಣಿಯೊಬ್ಬರು, ಉಪ್ಪಳ)

ಉತ್ತರ: ಅಮ್ಮ, ಮೊದಲನೆಯದಾಗಿ ನಿಮ್ಮ ಮೆಟ್ಟುಕತ್ತಿಯನ್ನು ಬದಿಗಿಡಬೇಡಿ. ರೆಕ್ಕೆ ತೆಗೆಯುವುದಕ್ಕೆ, ತಲೆ ಬಿಡಿಸುವುದಕ್ಕೆ, ಅಂಜಲನ್ನು ಅಡ್ಡ ತುಂಡು ಮಾಡುವುದಕ್ಕೆ ಎರಡೂ ಕೈಗಳಲ್ಲಿ ಮೀನನ್ನು ಹಿಡಿದು ಅಲಗಿನ ಮೇಲೆ ಒತ್ತುವ ಅನುಕೂಲ ಬೇರೆ ಯಾವ ಸಾಧನದಲ್ಲಿಯೂ ಇಲ್ಲ. ಆದರೆ ಹೋಟೆಲಿನವರು ಫಿಲೆಟ್ ಎನ್ನುವ, ಮುಳ್ಳಿನ ಮೇಲಿಂದ ಇಡಿಯಾಗಿ ಎಬ್ಬಿಸಿದ ಹೋಳು ಬೇಕಾದರೆ ಮೀನು ಮಣೆಯ ಮೇಲೆ ಅಲುಗದೆ ಮಲಗಿರಬೇಕು, ಅಲಗು ಅದರೊಳಗೆ ಸರಿಯಬೇಕು. ಮೆಟ್ಟುಕತ್ತಿಯಲ್ಲಿ ಅಲಗು ನಿಂತು ಮೀನು ಸರಿಯುವುದರಿಂದ ಈ ಒಂದು ಕೆಲಸ ಅದಕ್ಕೆ ಒಗ್ಗುವುದಿಲ್ಲ.

ನಿಮಗೆ ಬೇಕಾದುದು 6 ಇಂಚಿನ, ಅಗಲ ಕಡಿಮೆಯಿರುವ, ಬೆನ್ನು ತೆಳುವಾದ, ಮೊನೆ ಚೂಪಾದ ಚೂರಿ. 7 ಅಥವಾ 8 ಇಂಚಿನದು ಅಂಜಲ್, ಕೆಂಬೇರಿಯಂತಹ ದೊಡ್ಡ ಮೀನಿಗೆ ಸರಿ. ಕಾಣೆಗೆ ಅದನ್ನು ಬಳಸಿದರೆ ಮೊನೆ ಎಲ್ಲಿದೆ ಎಂಬುದೇ ಕೈಗೆ ತಿಳಿಯುವುದಿಲ್ಲ. ಅಂಗಡಿಯಲ್ಲಿ ಚೂರಿಯ ಮೊನೆಯನ್ನು ಮರದ ಹಲಗೆಯ ಮೇಲಿಟ್ಟು ಮೆಲ್ಲಗೆ ಒತ್ತಿ ನೋಡಿ. ಅಲಗು ಹಿಡಿಸೂಡಿಯ ಕಡ್ಡಿಯಂತೆ ತುಸು ಬಾಗಿ, ಕೈ ಬಿಟ್ಟೊಡನೆ ನೇರವಾಗಬೇಕು. ಬಾಗದೆ ನಿಂತರೆ ಅದು ತರಕಾರಿಯ ಚೂರಿ. ಬಾಗಿದ್ದು ಬಾಗಿಯೇ ಉಳಿದರೆ ಅದನ್ನು ಕೊಳ್ಳಲೇಬೇಡಿ. ಹಿಡಿ ತರಿತರಿಯಾಗಿರಬೇಕು, ಹಿಡಿಯೂ ಅಲಗೂ ಕೂಡುವಲ್ಲಿ ಬೆರಳು ಮುಂದಕ್ಕೆ ಜಾರದಂತೆ ತಡೆಯುವ ಉಬ್ಬಿರಬೇಕು, ಏಕೆಂದರೆ ಮೀನಿನ ಲೋಳೆ ಮೆತ್ತಿದ ಕೈ ನಯವಾದ ಹಿಡಿಯ ಮೇಲೆ ನಿಲ್ಲುವುದಿಲ್ಲ. ಗಲ್ಫಿನಿಂದ ಬರುವವರು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್, ಫಿನ್ಲೆಂಡಿನ ಮಾರ್ಟಿನಿ ಮುಂತಾದ ಹೆಸರಿನವನ್ನು ತರುವುದುಂಟು. ಅವು ಒಳ್ಳೆಯವೇ. ಆದರೂ ಮೇಲೆ ಹೇಳಿದ ಲಕ್ಷಣಗಳಿದ್ದರೆ ಹೆಸರಿಲ್ಲದ ಚೂರಿಯೂ ಸಾಕು. ಹೆಚ್ಚಿನ ಹಣವನ್ನು ಚೂರಿಗಿಂತ ಸಾಣೆಕಲ್ಲಿಗೆ ಹಾಕುವುದು ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ.

ಬಂಗುಡೆಯಿಂದಲೇ ಕಲಿಯಿರಿ. ಕಿವಿರಿನ ಹಿಂದಿನ ಪಕ್ಕದ ರೆಕ್ಕೆಯ ಬುಡದಲ್ಲಿ ಅಲಗನ್ನು ಓರೆಯಾಗಿಟ್ಟು ಬೆನ್ನೆಲುಬು ತಾಗುವವರೆಗೆ ಮಾತ್ರ ಇಳಿಸಿ, ಅಲ್ಲಿಯೇ ಅಲಗನ್ನು ಬಾಲದ ಕಡೆಗೆ ಮಲಗಿಸಿ, ಎಲುಬಿನ ಮೇಲೆಯೇ ಒರಗಿಸಿಕೊಂಡು ಉದ್ದಕ್ಕೆ ಎಳೆಯಿರಿ. ಆಗ ಬೆನ್ನೆಲುಬಿನ ಮಣಿಗಳು ಒಂದೊಂದಾಗಿ ಅಲಗಿಗೆ ತಾಗಿ ಟಿಕ್ ಟಿಕ್ ಎಂಬ ಸಣ್ಣ ಸದ್ದು ಬರುತ್ತದೆ, ಅದು ಹಿಡಿಯ ಮೂಲಕ ಅಂಗೈಗೂ ತಿಳಿಯುತ್ತದೆ. ಸದ್ದು ನಿಂತಿತೆಂದರೆ ಅಲಗು ಮೇಲೆ ಹೋಗಿದೆ, ಮಾಂಸ ಮುಳ್ಳಿಗೇ ಅಂಟಿಕೊಂಡು ಉಳಿಯುತ್ತಿದೆ ಎಂದು ಅರ್ಥ. ಗರಗಸದಂತೆ ಹಿಂದೆ ಮುಂದೆ ಆಡಿಸಬಾರದು; ಉದ್ದನೆಯ ಎರಡು ಮೂರು ಎಳೆತಗಳಲ್ಲಿ ಹೋಳು ಏಳಬೇಕು. ಬಳಿಕ ಹೊಟ್ಟೆಯ ಬದಿಯ ಪಕ್ಕೆಮುಳ್ಳುಗಳ ಅಡಿಗೆ ಮೊನೆಯನ್ನು ತೂರಿಸಿ ಅವನ್ನು ಸಿಪ್ಪೆಯಂತೆ ಎತ್ತಿ ತೆಗೆಯಿರಿ. ಹೋಳಿನ ನಡುಗೆರೆಯಲ್ಲಿ ನಿಂತ ಸಣ್ಣ ಮುಳ್ಳುಗಳು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತವೆ, ಅವನ್ನು ಚಿಮುಟದಿಂದ ತಲೆಯ ದಿಕ್ಕಿಗೆ ಎಳೆದು ತೆಗೆಯಬೇಕು. ಮಕ್ಕಳಿಗೆ ಕೊಡುವುದಾದರೆ ಈ ಕೊನೆಯ ಕೆಲಸವನ್ನು ಒಮ್ಮೆಯೂ ಬಿಡಬಾರದು. ಬೂತಾಯಿಗೆ ಚೂರಿಯೇ ಬೇಡ. ತಲೆ ತೆಗೆದು ಹೊಟ್ಟೆ ಸೀಳಿದ ಮೇಲೆ ಹೆಬ್ಬೆರಳನ್ನು ಬೆನ್ನೆಲುಬಿನ ಉದ್ದಕ್ಕೂ ಸರಿಸಿದರೆ ಮುಳ್ಳು ತಾನಾಗಿ ಬಿಟ್ಟು ಬರುತ್ತದೆ.

ಪ್ರಶ್ನೆ: ಮೀನು ಕೊಯ್ದು ಶುಚಿ ಮಾಡಿ ಮನೆಗಳಿಗೆ ಮುಟ್ಟಿಸುವ ಸಣ್ಣ ಉದ್ಯೋಗ ಆರಂಭಿಸಿದ್ದೇನೆ. ಊರಿನ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕತ್ತಿ ಒಳ್ಳೆಯದೋ ಸ್ಟೈನ್‌ಲೆಸ್ ಚೂರಿಯೋ? (ಯುವಕ, ಮಂಜೇಶ್ವರ)

ಉತ್ತರ: ಎರಡೂ ಬೇಕು, ಒಂದರ ಕೆಲಸವನ್ನು ಮತ್ತೊಂದರಿಂದ ಮಾಡಿಸಬಾರದು. ಸ್ಪ್ರಿಂಗ್ ಪಟ್ಟಿಯ ಉಕ್ಕು ಪೆಟ್ಟು ತಾಳುವ ಗುಣದ್ದು. ಮುರು ಮೀನಿನ ತಲೆ ಸೀಳುವುದಕ್ಕೂ ಅಂಜಲಿನ ನಡು ಮುಳ್ಳು ಕಡಿಯುವುದಕ್ಕೂ ಕಮ್ಮಾರರ ದಪ್ಪ ಬೆನ್ನಿನ ಕತ್ತಿಗೆ ಸಮನಾದುದಿಲ್ಲ. ಆದರೆ ಅದೇ ದಪ್ಪದಿಂದಾಗಿ ಅದು ಮಾಂಸವನ್ನು ಬಿಡಿಸುವ ಬದಲು ತಳ್ಳಿ ಹರಿಯುತ್ತದೆ. ಹರಿದ ಹೋಳು ಮಂಜುಗಡ್ಡೆಯಲ್ಲಿಟ್ಟರೂ ನೀರು ಬಿಟ್ಟು ಬೇಗನೆ ಸೊರಗುತ್ತದೆ, ಗಿರಾಕಿಗೆ ಅದು ಹಳೆಯ ಮೀನಿನಂತೆ ಕಾಣುತ್ತದೆ.

ಬಿಡಿಸುವ ಚೂರಿಗೆ ಸ್ಟೈನ್‌ಲೆಸ್ ಆರಿಸಿಕೊಳ್ಳಿ. ಅದರಲ್ಲಿ ಶೇಕಡಾ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇರುವುದರಿಂದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಮೂಡಿ ತುಕ್ಕನ್ನು ತಡೆಯುತ್ತದೆ. ದಿನವಿಡೀ ಉಪ್ಪುನೀರಿನ ಮಧ್ಯೆ ಕೆಲಸ ಮಾಡುವ ನಿಮಗೆ ಅದು ದೊಡ್ಡ ಅನುಕೂಲ. ಗಡಸುತನವನ್ನು ರಾಕ್‌ವೆಲ್ ಎಂಬ ಅಳತೆಯಲ್ಲಿ ಬರೆದಿರುತ್ತಾರೆ. ಮೀನು ಬಿಡಿಸುವ ಚೂರಿಗೆ 54ರಿಂದ 58 ಸಾಕು. ಹೆಚ್ಚು ಗಡಸಾದರೆ ಹರಿತ ಬಹುಕಾಲ ನಿಲ್ಲುವುದು ನಿಜವಾದರೂ ಬಾಗುವ ಗುಣ ಹೋಗಿ, ಎಲುಬಿಗೆ ತಾಗಿದಲ್ಲಿ ಬಾಯಿ ಚೂರು ಚೂರಾಗಿ ಸಿಡಿಯುತ್ತದೆ. ತುಸು ಮೃದುವಾದ ಉಕ್ಕು ಬೇಗ ಮೊಂಡಾಗುತ್ತದೆ, ಆದರೆ ಅಷ್ಟೇ ಬೇಗ ಮತ್ತೆ ಹರಿತಕ್ಕೆ ಬರುತ್ತದೆ.

ಹತ್ತಿಪ್ಪತ್ತು ಮೀನುಗಳಿಗೊಮ್ಮೆ ಅಲಗನ್ನು ತೊಳೆದು ಒರೆಸಿ, ಮಸೆಯುವ ಉಕ್ಕಿನ ಕೋಲಿನ ಮೇಲೆ ಎರಡೂ ಬದಿಯನ್ನು ನಾಲ್ಕೈದು ಸಲ ಹಗುರವಾಗಿ ಎಳೆಯಿರಿ. ಕೆಲಸದಲ್ಲಿ ಅಲಗಿನ ಅಂಚು ಸವೆಯುವುದಕ್ಕಿಂತ ಮೊದಲು ಒಂದು ಬದಿಗೆ ಮಡಚಿಕೊಳ್ಳುತ್ತದೆ. ಕೋಲು ಆ ಮಡಿಕೆಯನ್ನು ನೇರ ಮಾಡುತ್ತದೆ. ಕೋಲು ಎಳೆದ ಮೇಲೂ ಬಂಗುಡೆಯ ಚರ್ಮದ ಮೇಲೆ ಅಲಗು ಜಾರುತ್ತಿದ್ದರೆ ಅದು ಸಾಣೆಕಲ್ಲಿಗೆ ಹೋಗಬೇಕಾದ ಸಮಯ. ಮೊಂಡು ಚೂರಿಯನ್ನು ಬಲ ಹಾಕಿ ಒತ್ತಬೇಡಿ, ಮೀನು ಕೊಯ್ಯುವವರ ಕೈಗಳಲ್ಲಿ ನಾನು ಕಂಡ ಆಳವಾದ ಗಾಯಗಳೆಲ್ಲ ಹಾಗೆ ಒತ್ತುವಾಗ ಆದವು.

ಪ್ರಶ್ನೆ: ಚೂರಿಯನ್ನು ಸಾಣೆ ಹಿಡಿಸಿ ತಂದೆ. ಎರಡು ದಿನ ಚೆನ್ನಾಗಿತ್ತು, ಈಗ ಮೊದಲಿಗಿಂತಲೂ ಮೊಂಡು. ಏಕೆ ಹೀಗೆ? ಮನೆಯಲ್ಲಿಯೇ ಮಸೆಯುವುದು ಹೇಗೆ? (ಓದುಗರು, ಬದಿಯಡ್ಕ)

ಉತ್ತರ: ಇದೇ ನಷ್ಟವನ್ನು ನಾನೂ ಅನುಭವಿಸಿದ್ದೇನೆ. ಹನ್ನೆರಡು ವರ್ಷ ಕೈಗೆ ಒಗ್ಗಿದ್ದ ಕಪ್ಪು ಉಕ್ಕಿನ ಚೂರಿಯೊಂದನ್ನು ಕರೆಂಟಿನ ಸಾಣೆಚಕ್ರಕ್ಕೆ ಕೊಟ್ಟಿದ್ದೆ. ಕಿಡಿ ಹಾರುವುದನ್ನು ನೋಡುತ್ತಾ ನಿಂತೆನೇ ಹೊರತು ತಡೆಯಬೇಕೆಂದು ತೋಚಲಿಲ್ಲ. ಮನೆಗೆ ತಂದು ಬೆಳಕಿಗೆ ಹಿಡಿದಾಗ ಮೊನೆಯ ಹತ್ತಿರ ಅಂಚಿನ ಉದ್ದಕ್ಕೂ ನವಿಲುಗರಿಯಂತಹ ನೀಲಿ ಬಣ್ಣ ಮೂಡಿತ್ತು. ಇಂತಹ ಚೂರಿಗಳನ್ನು ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹದಗೊಳಿಸಿರುತ್ತಾರೆ. ಆ ನೀಲಿ ಕಾಣಿಸುವುದು ಉಕ್ಕು 300 ಡಿಗ್ರಿಯ ಹತ್ತಿರ ಕಾದಾಗ. ಅಂದರೆ ಅಂಚಿನ ಹದ ಬಿಟ್ಟು ಹೋಗಿರುತ್ತದೆ, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ನಿಮ್ಮ ಚೂರಿಯಲ್ಲಿ ನೀಲಿಯೋ ಕಂದೋ ಬಣ್ಣ ಕಾಣುತ್ತಿದ್ದರೆ ಆ ಭಾಗ ಸವೆದು ಹೋಗುವವರೆಗೆ ಕಲ್ಲಿನ ಮೇಲೆ ತಾಳ್ಮೆಯಿಂದ ಮಸೆಯುವುದೊಂದೇ ದಾರಿ. ಬಣ್ಣವಿಲ್ಲದಿದ್ದರೆ ಚಕ್ರದವರು ಅಂಚಿನಲ್ಲಿ ಎದ್ದ ಗರಿಯನ್ನು, ಎಂದರೆ ಮಸೆಯುವಾಗ ಏಳುವ ಉಕ್ಕಿನ ತೆಳುವಾದ ಎಳೆಯನ್ನು, ತೆಗೆಯದೆ ಬಿಟ್ಟಿರಬಹುದು. ಆ ಗರಿ ಎರಡು ದಿನ ಹರಿತದಂತೆ ಕೊಯ್ದು ಬಳಿಕ ಮುರಿದು ಬೀಳುತ್ತದೆ.

ಮನೆಗೆ 1000 ಗ್ರಿಟ್‌ನ ನೀರುಕಲ್ಲು ಒಂದಿದ್ದರೆ ಸಾಕು (ಅಂಕಿ ಹೆಚ್ಚಿದಷ್ಟೂ ಕಲ್ಲು ನಯ). ಬಾಯಿ ತೀರಾ ಕೆಟ್ಟಿದ್ದರೆ ಮಾತ್ರ 400ರದು ಬೇಕಾಗುತ್ತದೆ. ನೆನೆಸಬೇಕಾದ ಬಗೆಯ ಕಲ್ಲಾದರೆ ಗುಳ್ಳೆ ಏಳುವುದು ನಿಲ್ಲುವ ತನಕ, ಹತ್ತು ಹದಿನೈದು ನಿಮಿಷ ನೀರಿನಲ್ಲಿಟ್ಟು, ಒದ್ದೆ ಬಟ್ಟೆಯ ಮೇಲೆ ಜಾರದಂತೆ ಇರಿಸಿ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ ಬೆನ್ನನ್ನು ಮಾತ್ರ ಎತ್ತಬೇಕು. ಎರಡು ಸೆಂಟಿಮೀಟರ್ ಅಗಲದ ಅಲಗಿಗೆ ಬೆನ್ನು ಸುಮಾರು 5 ಮಿಲಿಮೀಟರ್, ಎಂದರೆ ಪೆನ್ಸಿಲಿನ ದಪ್ಪಕ್ಕಿಂತ ತುಸು ಕಡಿಮೆ ಎದ್ದರೆ 15 ಡಿಗ್ರಿಯ ಕೋನ ಸಿಗುತ್ತದೆ. ಮೀನಿನ ಚೂರಿಗೆ ಅದೇ ಹದವಾದ ಕೋನ. ಕೋನ ಸರಿಯಿದೆಯೇ ಎಂಬ ಅನುಮಾನವಿದ್ದರೆ ಅಂಚಿಗೆ ಮಾರ್ಕರ್ ಪೆನ್ನಿನ ಬಣ್ಣ ಬಳಿದು ಎರಡು ಸಲ ಮಸೆದು ನೋಡಿ. ಬಣ್ಣ ಅಂಚಿನವರೆಗೂ ಅಳಿಸಿದ್ದರೆ ಸರಿ, ಮೇಲುಗಡೆ ಮಾತ್ರ ಅಳಿಸಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು.

ಮಸೆಯುವಾಗ ಬಾಗುವ ಅಲಗಿನ ಮೇಲೆ ಎಡಗೈಯ ಎರಡು ಬೆರಳುಗಳನ್ನು ಕಲ್ಲಿಗೆ ತಾಗುವ ಜಾಗದ ಮೇಲೆಯೇ ಇಟ್ಟು ಹಗುರವಾಗಿ ಒತ್ತಿ, ಇಲ್ಲವಾದರೆ ಅಲಗು ಬಾಗಿ ಕೋನ ತಪ್ಪುತ್ತದೆ. ಒಂದು ಬದಿಯನ್ನು ಮಸೆಯುತ್ತಾ ಹೋದಂತೆ ಎದುರು ಬದಿಯ ಅಂಚಿನಲ್ಲಿ ನವಿರಾದ ಗರಿ ಏಳುತ್ತದೆ. ಬೆರಳನ್ನು ಬೆನ್ನಿನಿಂದ ಅಂಚಿನ ಹೊರಕ್ಕೆ ಸವರಿದರೆ ಅದು ಗೊತ್ತಾಗುತ್ತದೆ. ಅಂಚಿನ ಉದ್ದಕ್ಕೆ ಎಂದೂ ಸವರಬೇಡಿ. ಹಿಡಿಯ ಬುಡದಿಂದ ಮೊನೆಯವರೆಗೂ ಗರಿ ಎದ್ದಿತೆಂದರೆ ಆ ಬದಿ ಮುಗಿಯಿತು, ತಿರುಗಿಸಿ ಮತ್ತೊಂದು ಬದಿ. ಕೊನೆಗೆ ಒತ್ತಡವನ್ನು ಕಡಿಮೆ ಮಾಡುತ್ತಾ ಬದಿ ಬದಲಿಸಿ ಬದಲಿಸಿ ಎಳೆದರೆ ಗರಿ ಉದುರುತ್ತದೆ. ಹಳೆಯ ಚರ್ಮದ ಬೆಲ್ಟಿನ ಒಳಬದಿಯ ಮೇಲೆ ಅಂಚನ್ನು ಹಿಂದಿಟ್ಟುಕೊಂಡು ಹತ್ತು ಸಲ ಎಳೆದರೆ ಇನ್ನೂ ಒಳ್ಳೆಯದು. ವೃತ್ತಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಅಲಗನ್ನಿಟ್ಟಾಗ ಎಲ್ಲಿಯೂ ತಡೆಯದೆ ಇಳಿದರೆ ನಿಮ್ಮ ಚೂರಿ ಸಿದ್ಧವಾಗಿದೆ.

ಪ್ರಶ್ನೆ: ಸ್ಟೈನ್‌ಲೆಸ್ ಎಂದು ಹೇಳಿ ಕೊಟ್ಟ ಚೂರಿಗೆ ವಾರದೊಳಗೆ ಕೆಂಪು ಚುಕ್ಕಿ ಬಂದಿದೆ. ಅಂಗಡಿಯವರು ಮೋಸ ಮಾಡಿದರೇ? (ನಿವೃತ್ತ ಅಧ್ಯಾಪಕರು, ಕುಂಬಳೆ)

ಉತ್ತರ: ಅಷ್ಟರಿಂದಲೇ ಮೋಸವೆಂದು ಹೇಳಲಾಗದು, ಗುರುಗಳೇ. ಉಪ್ಪಿನಲ್ಲಿರುವ ಕ್ಲೋರೈಡ್ ನಾನು ಮೇಲೆ ಹೇಳಿದ ಕ್ರೋಮಿಯಂ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ, ಆ ತೂತುಗಳಲ್ಲಿ ಚುಕ್ಕಿ ತುಕ್ಕು ಹುಟ್ಟುತ್ತದೆ. ಉಪ್ಪು ಹಚ್ಚಿದ ಮೀನನ್ನು ಕೊಯ್ದು ಚೂರಿಯನ್ನು ರಾತ್ರಿಯಿಡೀ ತೊಟ್ಟಿಯಲ್ಲಿ ಬಿಟ್ಟರೆ, ಕಡಲಗಾಳಿಯ ನಮ್ಮ ಊರುಗಳಲ್ಲಿ ಒಂದು ವಾರವೂ ಬೇಡ. ಕೆಲಸ ಮುಗಿದ ಕೂಡಲೇ ತಣ್ಣೀರಿನಲ್ಲಿ ತೊಳೆಯಿರಿ. ಮೊದಲೇ ಬಿಸಿನೀರು ಸುರಿದರೆ ರಕ್ತವೂ ಲೋಳೆಯೂ ಬೆಂದು ಅಂಟುತ್ತವೆ. ಆಮೇಲೆ ಸೋಪಿನ ನೀರು, ಮತ್ತೆ ಒಳ್ಳೆಯ ನೀರು, ಬಳಿಕ ಒಣ ಬಟ್ಟೆ. ಈಗಿರುವ ಚುಕ್ಕಿಗಳನ್ನು ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಬಾಟಲಿಯ ಬಿರಡೆಯಿಂದ ಉಜ್ಜಿ ತೆಗೆಯಬಹುದು.

ಕಮ್ಮಾರರ ಕಪ್ಪು ಉಕ್ಕಿನ ಕತ್ತಿಗಾದರೆ ಒರೆಸಿದ ಮೇಲೆ ಒಂದು ಹನಿ ತೆಂಗಿನೆಣ್ಣೆಯನ್ನೂ ಸವರಬೇಕು. ಬಳಸಿದಂತೆ ಅದರ ಮೇಲೆ ಮೂಡುವ ಬೂದು ಬಣ್ಣ ತುಕ್ಕಲ್ಲ, ಅದು ಅಲಗನ್ನು ಕಾಯುತ್ತದೆ, ಉಜ್ಜಿ ತೆಗೆಯಬೇಡಿ. ಪುಳಿಮುಂಚಿಗೆ ಹುಣಸೆಹುಳಿ ಹಿಂಡುವ ಗಡಿಬಿಡಿಯಲ್ಲಿ ಆ ಕತ್ತಿಗೆ ಹುಳಿ ತಾಗಿದರೆ ಮಾತ್ರ ಒಡನೆಯೇ ತೊಳೆಯಬೇಕು. ಚರ್ಮದ ಒರೆಯಲ್ಲಿ ಯಾವ ಚೂರಿಯನ್ನೂ ಇಟ್ಟು ಮರೆಯಬಾರದು, ಮಳೆಗಾಲದಲ್ಲಿ ಚರ್ಮ ತೇವ ಹೀರಿ ಅಲಗಿಗೆ ಕೊಡುತ್ತದೆ. ಕೊಂಡೊಯ್ಯುವುದಕ್ಕೆ ಒಣಗಿದ ಅಡಿಕೆ ಹಾಳೆಯನ್ನು ಮಡಚಿ ಹೊಲಿದ ಒರೆಯನ್ನು ನಾನು ಬಳಸುತ್ತೇನೆ. ಹಳತಾದರೆ ಎಸೆದು ಹೊಸದು ಮಾಡಿಕೊಳ್ಳಬಹುದು.

ಪ್ರಶ್ನೆ: ನಾನು ಎಡಗೈಯವಳು. ನನಗೆ ಬೇರೆ ಚೂರಿ ಬೇಕೇ? (ವಿದ್ಯಾರ್ಥಿನಿ, ಪೆರ್ಲ)

ಉತ್ತರ: ಎರಡೂ ಬದಿ ಸಮನಾಗಿ ಮಸೆದ ಚೂರಿಯಾದರೆ ಬೇಡ. ದೇಬಾದಂತಹ ಜಪಾನಿ ಕತ್ತಿಗಳನ್ನು ಒಂದೇ ಬದಿಗೆ ಮಸೆದಿರುತ್ತಾರೆ, ಅವುಗಳಲ್ಲಿ ಹೆಚ್ಚಿನವು ಬಲಗೈಗೆಂದೇ ಮಾಡಿದವು. ಅಂತಹವನ್ನು ಎಡಗೈಯಲ್ಲಿ ಹಿಡಿದರೆ ಅಲಗು ಮುಳ್ಳಿನಿಂದ ದೂರ ಸರಿಯುತ್ತದೆ.

ಪ್ರಶ್ನೆ: ಚೂರಿಗೆ ಹೊಂದುವ ಮಣೆ ಯಾವುದು? ಫ್ರೀಜರಿನಲ್ಲಿಟ್ಟ ಮೀನನ್ನು ಅದೇ ಚೂರಿಯಲ್ಲಿ ಕೊಯ್ಯಬಹುದೇ? (ಓದುಗರು, ನೆಲ್ಲಿಕುಂಜೆ, ಕಾಸರಗೋಡು)

ಉತ್ತರ: ಗಾಜು, ಸ್ಟೀಲು, ಗ್ರಾನೈಟಿನ ಅಡುಗೆಕಟ್ಟೆ, ಈ ಮೂರೂ ಒಂದೇ ದಿನದಲ್ಲಿ ಚೂರಿಯ ಬಾಯಿ ಕೆಡಿಸುತ್ತವೆ. ಮಾರುಕಟ್ಟೆಯಲ್ಲಿ ಕಾಣುವ ಹುಣಸೆ ಮರದ ಕೊರಡು ಕಡಿಯುವುದಕ್ಕೆ ಉತ್ತಮ, ಬಿಡಿಸುವುದಕ್ಕೆ ಮೀನಿಗಿಂತ ಉದ್ದವಾದ ಚಪ್ಪಟೆ ಹಲಗೆ ಬೇಕು. ಮರದ್ದಾಗಲಿ ದಪ್ಪ ಪ್ಲಾಸ್ಟಿಕ್ಕಿನದಾಗಲಿ ಮೀನಿಗೆಂದೇ ಒಂದನ್ನು ಬೇರೆಯಿಟ್ಟು, ಅಡಿಯಲ್ಲಿ ಒದ್ದೆ ಬಟ್ಟೆ ಹಾಸಿ ಬಳಸಿ.

ಗಟ್ಟಿಯಾಗಿ ಹೆಪ್ಪುಗಟ್ಟಿದ ಮೀನಿಗೆ ತೆಳು ಚೂರಿಯನ್ನು ತಾಗಿಸಲೇಬೇಡಿ, ಮೊನೆ ಮುರಿದು ಕೈಗೆ ಬರುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿಡಿ. ಬಂಗುಡೆ, ಅಂಜಲ್, ಟ್ಯೂನಾಗಳನ್ನು ಅಡುಗೆಮನೆಯ ಸೆಕೆಯಲ್ಲಿ ಹೊರಗಿಟ್ಟು ಕರಗಿಸಬಾರದು, ಅವುಗಳಲ್ಲಿ ಬೆಳೆಯುವ ಹಿಸ್ಟಮಿನ್ ಎಂಬ ವಿಷಾಂಶ ಬೇಯಿಸಿದರೂ ಹೋಗುವುದಿಲ್ಲ. ಬೆಳಿಗ್ಗೆ ಹೊರಭಾಗ ಮೆತ್ತಗಾಗಿ ಒಳಗೆ ಇನ್ನೂ ಸ್ವಲ್ಪ ಬಿಗಿಯಿರುವಾಗಲೇ ಕೊಯ್ಯಲು ಕುಳಿತುಕೊಳ್ಳಿ. ಪೂರ್ತಿ ಕರಗಿದ ಮೀನಿಗಿಂತ ಆಗ ಹೋಳು ಒಡೆಯದೆ ಏಳುತ್ತದೆ.